ಟಿಕೆಟ್ ತಗೊಳ್ಳದೆ ರೋಮ್ ಸುತ್ತಿದ ನನ್ನ ಅನುಭವ

ರೋಮ್‌ಗೆ ಹೊರಟವರು ಮೊದಲು ಹುಡುಕುವುದು ಫ್ರೀ ದಿನ ಯಾವುದು ಅಂತ. ಅಂಥ ದಿನಗಳು ಇವೆ, ನಿಜ. ತಿಂಗಳ ಮೊದಲ ಭಾನುವಾರ ಕೊಲೋಸಿಯಂ ಸೇರಿ ಸರ್ಕಾರಿ ಮ್ಯೂಸಿಯಂಗಳಿಗೆ ಟಿಕೆಟ್ ಇಲ್ಲ. ಕೊನೆಯ ಭಾನುವಾರ ವ್ಯಾಟಿಕನ್ ಮ್ಯೂಸಿಯಂಗೂ ಇಲ್ಲ, ಆದರೆ ಹನ್ನೆರಡೂವರೆ ಆದ ಮೇಲೆ ಒಳಗೆ ಬಿಡುವುದಿಲ್ಲ. ಆ ಭಾನುವಾರಗಳನ್ನು ನಂಬಿಕೊಂಡು ಹೋಗಬೇಡಿ ಅಂತಲೇ ನಾನು ಹೇಳುವುದು. ಊರಿಗೆ ಊರೇ ಬಂದು ಕ್ಯೂ ನಿಂತಿರುತ್ತದೆ. ಟಿಕೆಟ್ ದುಡ್ಡು ಉಳಿಯುತ್ತದೆ, ಬೆಳಗಿನ ಹೊತ್ತು ಹೋಗುತ್ತದೆ.

ಯಾವ ವಾರ ಹೋದರೂ ದುಡ್ಡು ಕೇಳದ ಜಾಗಗಳು ರೋಮ್‌ನಲ್ಲಿ ಬೇಕಾದಷ್ಟಿವೆ. ಅದರಲ್ಲೂ ಚರ್ಚ್‌ಗಳು. ಬೇರೆ ಊರಲ್ಲಾದರೆ ಮ್ಯೂಸಿಯಂ ಗೋಡೆ ಮೇಲೆ ಇರಬೇಕಾದ ಚಿತ್ರಗಳು ಇಲ್ಲಿ ಇನ್ನೂ ಚರ್ಚ್‌ನಲ್ಲೇ ಇವೆ. ಹಾಗಾಗಿ ಆ ಬಾಗಿಲುಗಳು ತೆರೆಯುವ, ಮುಚ್ಚುವ ಹೊತ್ತನ್ನು ನೋಡಿಕೊಂಡೇ ನಾನು ದಿನದ ಲೆಕ್ಕ ಹಾಕಿದೆ. ತುಂಬಾ ಚರ್ಚ್‌ಗಳು ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕಿ, ಮೂರು ನಾಲ್ಕು ಗಂಟೆಗೆ ಮತ್ತೆ ತೆರೆಯುತ್ತವೆ. ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು. ಬೇಸಿಗೆಯಲ್ಲಿ ಬ್ಯಾಗಿನಲ್ಲಿ ಒಂದು ದುಪಟ್ಟಾ ಇಟ್ಟುಕೊಂಡರೆ ಸಾಕು. ಜೊತೆಗೆ ಚಿಲ್ಲರೆ ಇರಲಿ. ಯಾಕೆ ಅಂತ ಹೇಳ್ತೀನಿ.

ಪಿಯಾಝಾ ನವೋನಾ ಚೌಕದ ಹತ್ತಿರ ಸಾನ್ ಲೂಯಿಜಿ ದೇಯ್ ಫ್ರಾಂಚೇಸಿ ಅನ್ನುವ ಚರ್ಚ್ ಇದೆ. ಒಳಗೆ ಎಡಗಡೆಯ ಕೊನೆಯ ಪ್ರಾರ್ಥನಾ ಕೋಣೆಯಲ್ಲಿ ಕ್ಯಾರವಾಜಿಯೊ ಬರೆದ ಮೂರು ಚಿತ್ರಗಳಿವೆ, ಮೂರೂ ಯೇಸುವಿನ ಶಿಷ್ಯನಾದ ಸಂತ ಮತ್ತಾಯನ ಕಥೆ. ನಾನು ಹೋದಾಗ ಕೋಣೆ ಕತ್ತಲಾಗಿತ್ತು. ಪಕ್ಕದ ಪೆಟ್ಟಿಗೆಗೆ ನಾಣ್ಯ ಹಾಕಿದರೆ ದೀಪ ಹತ್ತಿಕೊಳ್ಳುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಆರುತ್ತದೆ. ಆರಿದ ಕೂಡಲೇ ಒಂದು ನಾಟಕ ಶುರು. ಇಪ್ಪತ್ತು ಜನ ನಿಂತಿರುತ್ತಾರೆ, ಯಾರೂ ಜೇಬಿಗೆ ಕೈ ಹಾಕುವುದಿಲ್ಲ. ಇನ್ನೊಬ್ಬರು ಹಾಕಲಿ ಅಂತ ಎಲ್ಲರೂ ಕಾಯುತ್ತಾರೆ!

ಎಡಗಡೆಯ ಚಿತ್ರದ ಮುಂದೆ ನಿಧಾನವಾಗಿ ನಿಲ್ಲಿ. 1600ರ ಹೊತ್ತಿಗೆ ಬರೆದದ್ದು. ಸುಂಕದವನಾದ ಮತ್ತಾಯ ತನ್ನವರ ಜೊತೆ ಮೇಜಿನ ಸುತ್ತ ಕೂತಿದ್ದಾನೆ. ಬಲಗಡೆಯಿಂದ ಯೇಸು ಬಂದು ಕೈ ಚಾಚಿ ಕರೆಯುತ್ತಾನೆ. ಕೆಲವರು ತಲೆ ಎತ್ತಿ ನೋಡುತ್ತಾರೆ. ಮೇಜಿನ ತುದಿಯಲ್ಲಿರುವ ಹುಡುಗ ಮಾತ್ರ ತಲೆ ಬಗ್ಗಿಸಿಕೊಂಡು ದುಡ್ಡು ಎಣಿಸುತ್ತಲೇ ಇದ್ದಾನೆ, ಏನೂ ಆಗಿಲ್ಲ ಅನ್ನುವ ಹಾಗೆ. ಚಿತ್ರದೊಳಗಿನ ಬೆಳಕು ಬಲಗಡೆಯಿಂದ ಬೀಳುತ್ತದೆ. ಈಗ ಕೋಣೆಯನ್ನು ನೋಡಿ. ನಿಜವಾದ ಕಿಟಕಿ ಇರುವುದೂ ಅದೇ ಕಡೆ, ಪೀಠದ ಮೇಲೆ. ಆ ಗೋಡೆಗೆಂದೇ ಬರೆದ ಚಿತ್ರ ಅದು. ಕಿತ್ತು ಮ್ಯೂಸಿಯಂನಲ್ಲಿ ಇಟ್ಟರೆ ಈ ಮಜಾ ಇರುವುದಿಲ್ಲ.

ಅಲ್ಲಿಂದ ಕೆಲವೇ ನಿಮಿಷ ನಡೆದರೆ ಸಾಂತ್ ಅಗೊಸ್ತೀನೊ. ಅಲ್ಲೂ ಕ್ಯಾರವಾಜಿಯೊನ ಚಿತ್ರ ಒಂದಿದೆ. ಮಾತೆ ಮರಿಯಳ ಮುಂದೆ ಮಂಡಿಯೂರಿದ ಯಾತ್ರಿಕನ ಅಂಗಾಲು ನಮ್ಮ ಕಡೆ ತಿರುಗಿದೆ, ಪೂರ್ತಿ ಕೊಳೆ. ಇನ್ನೆರಡು ಚಿತ್ರಗಳು ಉತ್ತರಕ್ಕೆ, ಪಿಯಾಝಾ ದೆಲ್ ಪೊಪೊಲೊ ಚೌಕದ ಅಂಚಿನ ಸಾಂತಾ ಮರಿಯಾ ದೆಲ್ ಪೊಪೊಲೊದಲ್ಲಿ. ಅಲ್ಲಿಗೆ ಮೂರು ಚರ್ಚ್, ಆರು ಕ್ಯಾರವಾಜಿಯೊ. ಖರ್ಚು ದೀಪದ ಚಿಲ್ಲರೆ ಮಾತ್ರ.

ಕೊಲೋಸಿಯಂ ಕಡೆ ಹೋದಾಗ ಸಾನ್ ಪಿಯೆತ್ರೊ ಇನ್ ವಿಂಕೋಲಿ ಚರ್ಚ್ ಬಿಡಬೇಡಿ. ಮೈಕೆಲೇಂಜೆಲೊ ಕೆತ್ತಿದ ಮೋಶೆ, ಬೈಬಲ್‌ನ ಪ್ರವಾದಿ, ಅಲ್ಲಿದ್ದಾನೆ. ಗಡ್ಡದೊಳಗೆ ಸಿಕ್ಕಿಸಿಕೊಂಡ ಬೆರಳು, ಕೈಮೇಲೆ ಎದ್ದ ನರ, ಎಲ್ಲವೂ ಕಾಣುವಷ್ಟು ಹತ್ತಿರ ನಿಲ್ಲಬಹುದು. ಅದೇ ಮೈಕೆಲೇಂಜೆಲೊನ ಪಿಯೆತಾ, ಅಂದರೆ ಸತ್ತ ಯೇಸುವನ್ನು ಮಡಿಲಲ್ಲಿ ಮಲಗಿಸಿಕೊಂಡ ಮರಿಯಳ ಶಿಲ್ಪ, ವ್ಯಾಟಿಕನ್‌ನ ದೊಡ್ಡ ಚರ್ಚ್ ಆದ ಸಂತ ಪೇತ್ರರ ಬಸಿಲಿಕಾದಲ್ಲಿದೆ, ಒಳಗೆ ಹೋದ ಕೂಡಲೇ ಬಲಕ್ಕೆ. 1972ರಲ್ಲಿ ಒಬ್ಬ ಸುತ್ತಿಗೆಯಿಂದ ಹೊಡೆದ ಮೇಲೆ ಗಾಜಿನ ಹಿಂದೆ ಇಟ್ಟಿದ್ದಾರೆ. ಬಸಿಲಿಕಾಗೆ ಟಿಕೆಟ್ ಇಲ್ಲ, ಗುಮ್ಮಟ ಹತ್ತುವುದಕ್ಕೆ ಮಾತ್ರ ಇದೆ. ಆದರೆ ಸೆಕ್ಯುರಿಟಿ ತಪಾಸಣೆಯ ಕ್ಯೂ ತಪ್ಪಿದ್ದಲ್ಲ. ಬೆಳಗ್ಗೆ ಏಳಕ್ಕೇ ಹೋಗಿ. ಹತ್ತು ಗಂಟೆಗೆ ಹೋದರೆ ಚೌಕದ ಬಿಸಿಲಿನಲ್ಲಿ ಬೇಯುತ್ತೀರಿ.

ಪ್ರಾಚೀನ ರೋಮನ್ ಗುಡಿಯಾದ ಪ್ಯಾಂಥಿಯನ್ ಫ್ರೀ ಅಂತ ಹಳೆಯ ಪುಸ್ತಕಗಳಲ್ಲಿ ಓದಿದ್ದರೆ ಅದನ್ನು ಮರೆತುಬಿಡಿ. 2023ರ ಜುಲೈಯಿಂದ ಅದಕ್ಕೂ ಟಿಕೆಟ್ ಇದೆ, ಶುರುವಿನಲ್ಲಿ 5 ಯೂರೊ ಇತ್ತು.

ಚರ್ಚ್ ಮುಚ್ಚಿರುವ ಮಧ್ಯಾಹ್ನಕ್ಕೆ ಗುಡ್ಡಗಳಿವೆ. ಜನಿಕೊಲೊ ಗುಡ್ಡದ ಮೇಲೆ ದಿನಾ ಸರಿಯಾಗಿ ಹನ್ನೆರಡಕ್ಕೆ ಸೈನಿಕರು ಒಂದು ತೋಪು ಹಾರಿಸುತ್ತಾರೆ. ಊರಿನ ಚರ್ಚ್‌ಗಳ ಗಂಟೆ ಒಂದೇ ಹೊತ್ತಿಗೆ ಹೊಡೆಯಲಿ ಅಂತ 1847ರಲ್ಲಿ ಪೋಪ್ ಒಂಬತ್ತನೆಯ ಪಯಸ್ ಶುರು ಮಾಡಿಸಿದ ಪದ್ಧತಿ ಅದು. ಗುಂಡಿಲ್ಲದ ಬರೀ ಸದ್ದು, ಆದರೂ ಎದೆ ಝಲ್ ಅನ್ನುತ್ತದೆ. ಮಕ್ಕಳಿದ್ದರೆ ಮೊದಲೇ ಹೇಳಿಡಿ. ಅಲ್ಲಿಂದ ಇಡೀ ಊರು ಕಾಣುತ್ತದೆ.

ಅವೆಂಟಿನೊ ಗುಡ್ಡದಲ್ಲಿ ಒಂದು ಬಾಗಿಲಿನ ಕೀಲಿ ತೂತಿನಿಂದ ಸಂತ ಪೇತ್ರರ ಗುಮ್ಮಟ ನೋಡುವುದಕ್ಕೆ ಸಾಲುಗಟ್ಟಿ ನಿಲ್ಲುತ್ತಾರೆ. ಕ್ಯೂ ಉದ್ದ ಇದ್ದರೆ ಬಿಡಿ. ಅಲ್ಲೇ ಹತ್ತಿರದ ಕಿತ್ತಳೆ ತೋಟದ ಕಟ್ಟೆಯಿಂದ ಅದೇ ಗುಮ್ಮಟ ಕಾಣುತ್ತದೆ, ಕೂತು ನೋಡಬಹುದು. ಕೂರುವುದು ಅಂದಾಗ ನೆನಪಾಯಿತು, ಸ್ಪ್ಯಾನಿಷ್ ಮೆಟ್ಟಿಲುಗಳ ಮೇಲೆ ಕೂರಬೇಡಿ. 2019ರಿಂದ ಅದಕ್ಕೆ ದಂಡ ಹಾಕುತ್ತಾರೆ.

ನೀರಿಗೆ ಒಂದು ಪೈಸೆಯೂ ಖರ್ಚಿಲ್ಲ. ನಾಝೋನಿ ಅನ್ನುವ ಎರಕದ ಕಬ್ಬಿಣದ ನಲ್ಲಿಗಳು ಊರಿನ ತುಂಬಾ ಇವೆ, ಸುಮಾರು 2500. ತಣ್ಣಗಿನ ಕುಡಿಯುವ ನೀರು ಸದಾ ಹರಿಯುತ್ತಿರುತ್ತದೆ. ಬಾಗಿದ ಕೊಳವೆಯ ಬಾಯಿಯನ್ನು ಬೆರಳಿನಿಂದ ಮುಚ್ಚಿದರೆ, ಮೇಲಿನ ಸಣ್ಣ ತೂತಿನಿಂದ ನೀರು ಕಮಾನಿನಂತೆ ಚಿಮ್ಮುತ್ತದೆ. ಬಗ್ಗದೆ ಬಾಯಿಟ್ಟು ಕುಡಿಯಬಹುದು. ಹೊಟ್ಟೆಗೆ, ಕತ್ತರಿಸಿ ತೂಕ ಮಾಡಿ ಕೊಡುವ ಪಿಜ್ಜಾ. ಬೇಕಾದಷ್ಟು ತೋರಿಸಿದರೆ ಅಷ್ಟೇ ಕತ್ತರಿಸುತ್ತಾರೆ. ಸಸ್ಯಾಹಾರಿಗಳು ಸುಪ್ಲಿ ತಗೊಳ್ಳುವಾಗ ಕೇಳಿ ತಗೊಳ್ಳಿ. ನೋಡೋಕೆ ನಮ್ಮ ಬೋಂಡದ ಹಾಗಿರುತ್ತದೆ, ಒಳಗಿನ ಅನ್ನಕ್ಕೆ ಮಾಂಸದ ಸಾಸ್ ಬೆರೆಸಿರುವುದು ಜಾಸ್ತಿ.

ಪ್ರಾಚೀನ ರೋಮ್‌ನ ಊರ ಚೌಕವಾಗಿದ್ದ ಫೋರಂ ಒಳಗೆ ಓಡಾಡಲು ಟಿಕೆಟ್ ಬೇಕು, ಮೇಲಿನಿಂದ ನೋಡಲು ಬೇಡ. ಕಪಿತೋಲಿನೊ ಗುಡ್ಡದ ಚೌಕಕ್ಕೆ ಹತ್ತಿ, ಎದುರಿನ ಅರಮನೆಯ ಪಕ್ಕದಿಂದ ಹಿಂದಕ್ಕೆ ಹೋಗಿ. ಕ್ರಿ.ಶ. 203ರಲ್ಲಿ ಕಟ್ಟಿದ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್‌ನ ಕಮಾನು, ರೋಮನ್ನರ ಸ್ಯಾಟರ್ನ್ ದೇವರ ಗುಡಿಯ ಉಳಿದ ಎಂಟು ಕಂಬ, ದೂರಕ್ಕೆ ಕೊಲೋಸಿಯಂ, ಎಲ್ಲಾ ಕಾಲಡಿಗೇ ಹರಡಿರುತ್ತದೆ. ಮೊದಲು ಇಲ್ಲಿಗೆ ಬನ್ನಿ. ಮೇಲಿನಿಂದ ನಕ್ಷೆ ತಲೆಗೆ ಹತ್ತಿದ ಮೇಲೂ ಕೆಳಗಿಳಿಯಬೇಕು ಅನ್ನಿಸಿದರೆ ಆಗ ದುಡ್ಡು ಕೊಡಿ. ನನಗೆ ಅನ್ನಿಸಿತು, ಕೊಟ್ಟೆ. ಕೊಲೋಸಿಯಂ ಟಿಕೆಟ್‌ನಲ್ಲೇ ಫೋರಂ, ಪಲಟೈನ್ ಗುಡ್ಡ ಎರಡೂ ಸೇರಿರುತ್ತವೆ. ಬೇರೆ ಬೇರೆ ತಗೊಳ್ಳುವ ಅಗತ್ಯ ಇಲ್ಲ.