ತುಕ್ಕು ಹಿಡಿದ ಕ್ಷೌರದ ಕತ್ತಿಯನ್ನು ಮತ್ತೆ ಬಳಕೆಗೆ ತರುವುದು ಹೇಗೆ?

ಗುಜರಿ ಅಂಗಡಿಯಲ್ಲೋ ಅಟ್ಟದ ಪೆಟ್ಟಿಗೆಯಲ್ಲೋ ಸಿಗುವ ಮಡಚುವ ಕ್ಷೌರದ ಕತ್ತಿಯಲ್ಲಿ ಮೊದಲು ನೋಡಬೇಕಾದದ್ದು ಅಲಗಿನ ಬುಡ. ಅಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಅಥವಾ ಜರ್ಮನಿಯ ಜೋಲಿಂಗನ್ ಎಂದು ಒತ್ತಿದ್ದರೆ ಉಕ್ಕಿನ ಬಗ್ಗೆ ಸಾಮಾನ್ಯವಾಗಿ ಚಿಂತೆಯಿಲ್ಲ. ಆದರೆ ಹೆಸರಿಗಿಂತ ಕತ್ತಿಯ ಬಾಯಿ, ಅಂದರೆ ಹರಿತದ ಅಂಚು, ಮುಖ್ಯ. ಬೆಳಕಿಗೆ ಹಿಡಿದು, ಹತ್ತಿಯ ಎಳೆಯನ್ನು ಬಾಯಿಯ ಉದ್ದಕ್ಕೂ ಮೆಲ್ಲಗೆ ಎಳೆಯಿರಿ. ಹಲ್ಲು ಬಿದ್ದಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ. ಸಣ್ಣ ಹಲ್ಲನ್ನು ಮಸೆದು ತೆಗೆಯಬಹುದು. ಕೂದಲೆಳೆಯಷ್ಟು ಬಿರುಕಿದ್ದರೂ ಆ ಕತ್ತಿ ಬೇಡ. ಅಲಗಿನ ನಡುವೆ ತುಕ್ಕಿದ್ದರೆ ಅಡ್ಡಿಯಿಲ್ಲ. ಬಾಯಿಯ ಹತ್ತಿರ ತುಕ್ಕು ಗುಳಿ ಕೊರೆದಿದ್ದರೆ ಹೊಸಬರು ಅದರ ತಂಟೆಗೆ ಹೋಗದಿರುವುದೇ ಲೇಸು.

ಕೆಲಸಕ್ಕೆ ಕೂರುವ ಮುನ್ನ ಬಾಯಿಗೆ ಟೇಪ್ ಅಂಟಿಸಿ. ಹಿಡಿಯ ಮೊಳೆಗಳನ್ನು ಬಿಚ್ಚಬೇಡಿ. ಅಲಗಿಗೆ ತೆಳು ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟರೆ ತುಕ್ಕು ಸಡಿಲವಾಗುತ್ತದೆ. ಮರುದಿನ ಅಲಗನ್ನು ಮರದ ಹಲಗೆಯ ಮೇಲೆ ಒರಗಿಸಿ, 600ರ ವಾಟರ್ ಪೇಪರ್ ಅನ್ನು (ನೀರಿನಲ್ಲಿ ನೆನೆಸಿ ಉಜ್ಜುವ ಮರಳು ಕಾಗದ; ಅಂಕಿ ಹೆಚ್ಚಿದಷ್ಟೂ ನುಣುಪು) ಒದ್ದೆ ಮಾಡಿಕೊಂಡು, ಬೆನ್ನಿನಿಂದ ಬಾಯಿಯ ಕಡೆಗೆ ಮಾತ್ರ ಉಜ್ಜಿ. ನಂತರ 1000, ಕೊನೆಗೆ 2000. ಕಪ್ಪು ಕಲೆ ಉಳಿದರೆ ಉಳಿಯಲಿ. ಕನ್ನಡಿಯಂತೆ ಹೊಳೆಯಿಸುವ ಹುಮ್ಮಸ್ಸಿನಲ್ಲಿ ತಯಾರಕರ ಮುದ್ರೆಯನ್ನೇ ಅಳಿಸಿದವರುಂಟು. ಮೋಟಾರಿನ ಬಫ್ ಚಕ್ರವಂತೂ ಬೇಡವೇ ಬೇಡ: ಕಾಗದದಷ್ಟು ತೆಳ್ಳಗಿರುವ ಬಾಯಿ ಕ್ಷಣದಲ್ಲಿ ಕಾದು ನೀಲಿಗಟ್ಟುತ್ತದೆ. ನೀಲಿಯಾದ ಉಕ್ಕಿನ ಹದ ಹೋಯಿತೆಂದೇ ಲೆಕ್ಕ. ಮಸೆದರೂ ಹರಿತ ನಿಲ್ಲದು.

ಇನ್ನು ಸಾಣೆ. ಅಡುಗೆಮನೆಯ ಚಾಕುವಿನಂತೆ ಇಲ್ಲಿ ಕೋನವನ್ನು ಕೈ ಅಂದಾಜಿನಲ್ಲಿ ಹಿಡಿಯಬೇಕಿಲ್ಲ. ಅಲಗಿನ ಅಗಲ ಮತ್ತು ಬೆನ್ನಿನ ದಪ್ಪವೇ ಆ ಕೋನವನ್ನು ಮೊದಲೇ ನಿಗದಿ ಮಾಡಿವೆ. ಬೆನ್ನು ಮತ್ತು ಬಾಯಿ ಎರಡೂ ಕಲ್ಲಿಗೆ ತಾಗಿರುವಂತೆ ಮಲಗಿಸಿ, ಬಾಯಿ ಮುಂದಾಗಿ ನೂಕಿ, ಕೊನೆಯಲ್ಲಿ ಬೆನ್ನಿನ ಮೇಲೆ ಹೊರಳಿಸಿ ಮರಳಿ ತನ್ನಿ. ಕೈಯ ಭಾರ ಹಾಕಬೇಡಿ, ಕತ್ತಿಯ ಭಾರ ಸಾಕು. ಬಾಯಿಗೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು ಒಂದೆರಡು ಬಾರಿ ಮಸೆದು ನೋಡಿ. ಶಾಯಿ ಉಳಿದ ಜಾಗಕ್ಕೆ ಕಲ್ಲು ಇನ್ನೂ ತಾಗಿಲ್ಲ ಎಂದರ್ಥ. ಪೂರ್ತಿ ಮೊಂಡಾಗಿದ್ದರೆ 1000ರ ಕಲ್ಲಿನಿಂದ ಶುರು ಮಾಡಿ, 4000, 8000 ದಾಟಿ 12000ಕ್ಕೆ ಮುಗಿಸಿ. ಅವಸರದವರು ಸೋಲುವುದು 1000ದಲ್ಲೇ. ಬಾಯಿಯ ಉದ್ದಕ್ಕೂ ಹರಿತ ಕೂಡುವ ಮೊದಲೇ ನುಣುಪು ಕಲ್ಲಿಗೆ ಹೋದರೆ ಮೊಂಡು ಬಾಯಿಗೆ ಹೊಳಪು ಬರುತ್ತದೆ, ಅಷ್ಟೆ. ಕಲ್ಲು ಸಮತಟ್ಟಾಗಿದೆಯೇ ಎಂದೂ ಆಗಾಗ ನೋಡಿಕೊಳ್ಳಿ.

ಆಮೇಲೆ ಬಿಗಿಯಾಗಿ ಎಳೆದು ಹಿಡಿದ ಚರ್ಮದ ಪಟ್ಟಿಯ ಮೇಲೆ ಐವತ್ತು ಅರವತ್ತು ಸಲ ಆಡಿಸಿ. ಇಲ್ಲಿ ದಿಕ್ಕು ತಿರುಗುಮುರುಗು, ಬೆನ್ನು ಮುಂದೆ, ಬಾಯಿ ಹಿಂದೆ. ತಪ್ಪಿದರೆ ಪಟ್ಟಿಯೇ ಸೀಳುತ್ತದೆ. ಮುಂಗೈ ಕೂದಲನ್ನು ಚರ್ಮಕ್ಕೆ ತಾಗದಂತೆ ಸವರಿದಾಗ ಅದು ಸದ್ದಿಲ್ಲದೆ ತುಂಡಾದರೆ ಕತ್ತಿ ಸಿದ್ಧ.

ಯಾರ ಮುಖ ಕಂಡ ಕತ್ತಿಯೋ ತಿಳಿಯದು, ಸೋಂಕುನಿವಾರಕದಿಂದ ಚೆನ್ನಾಗಿ ಶುಚಿಗೊಳಿಸಿಯೇ ಬಳಸಿ. ಮೊದಲ ಸಲ ಕೆನ್ನೆ ಮಾತ್ರ ಸಾಕು, ಗದ್ದ ಮತ್ತು ಕೊರಳು ಕಾಯಲಿ. ಪ್ರತಿ ಸಲ ಒರೆಸಿ, ಎಣ್ಣೆ ಸವರಿ, ಸ್ನಾನದ ಮನೆಯ ಹೊರಗಿಡಿ. ಹಿಡಿಯನ್ನು ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿದಾಗ ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್. ಹಳತಾಗಿ ಕೊಳೆಯತೊಡಗಿದಾಗ ಅದು ಬಿಡುವ ಆಮ್ಲೀಯ ಅನಿಲ ಅಕ್ಕಪಕ್ಕದ ಉಕ್ಕನ್ನೂ ತಿನ್ನುತ್ತದೆ. ಅಂಥ ಕತ್ತಿಯನ್ನು ಬೇರೆಯವುಗಳ ಜೊತೆ ಒಂದೇ ಡಬ್ಬಿಯಲ್ಲಿ ಮುಚ್ಚಿಡಬೇಡಿ, ಒಲೆಯ ಹತ್ತಿರವೂ ಇಡಬೇಡಿ. ಸೆಲ್ಯುಲಾಯ್ಡ್‌ಗೆ ಬೆಂಕಿ ಬಲುಬೇಗ ಹತ್ತಿಕೊಳ್ಳುತ್ತದೆ.