ಹೆಂಚಿನ ಮೇಲಿನ 1865

ಕೊಡಗಿನ ನಾಪೋಕ್ಲು ಕಡೆಯವನು ನಾನು. ಸಮುದ್ರ ಕಂಡದ್ದೇ ಕಾಲೇಜಿಗೆಂದು ಘಟ್ಟ ಇಳಿದ ಮೇಲೆ. ಈಗ ಮುಳುಗಿದ ಹಡಗುಗಳ ಸರ್ವೆಗೆ ಡೈವ್ ಮಾಡುವುದೇ ಹೊಟ್ಟೆಪಾಡು. ಊರಿಗೆ ಹೋದಾಗಲೆಲ್ಲ ಒಂದೇ ಪ್ರಶ್ನೆ: "ಯಾವ ಹಡಗು ಅಂತ ಹೆಂಗೆ ಗೊತ್ತಾಗುತ್ತೆ, ಬೋರ್ಡ್ ಇರುತ್ತಾ?"

ಹಡಗಿನಲ್ಲಿ ಬಾರಿಸುವ ಗಂಟೆ ಸಿಕ್ಕಿದರೆ ಅದರ ಮೇಲೆ ಹೆಸರಿರಬಹುದು. ಅದನ್ನೂ ಪೂರ್ತಿ ನಂಬುವಂತಿಲ್ಲ. ಹಡಗು ಮಾರಾಟವಾಗಿ ಹೆಸರು ಬದಲಾದರೂ ಹಳೇ ಗಂಟೆ ಹಾಗೇ ತೂಗುತ್ತಿರುತ್ತದೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೆ ನೀರಿನಡಿ ಸಿಕ್ಕಿದ್ದು ಹೆಂಚು. ಒಂದರೊಳಗೊಂದು ಕೂತ ಅಟ್ಟಿ, ಮೇಲೆಲ್ಲ ಚಿಪ್ಪು ಮೆತ್ತಿಕೊಂಡಿತ್ತು. ಗ್ಲೌಸ್ ತೆಗೆದು ಸವರಿದೆ, ಅಕ್ಷರ ಬೆರಳಿಗೆ ತಗುಲಿತು: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ಗೋವಾದ ಸೇಂಟ್ ಜಾರ್ಜ್ ರೀಫ್‌ನಲ್ಲಿ ಮುಳುಗಿದ ಹಡಗಿನ ಸರಕಿನ ಮೇಲೂ ಇದೇ ಮುದ್ರೆ ಇದೆ ಎಂದು ಓದಿದ್ದೆ. ಖುಷಿಯಲ್ಲಿ, ನೀರಿನಡಿ ಬರೆದುಕೊಳ್ಳುವ ಸ್ಲೇಟಿನ ಮೇಲೆ ಮುಳುಗಿದ ವರ್ಷ 1865 ಎಂದು ಗೀಚಿಬಿಟ್ಟೆ.

ಆ ಮೇ ತಿಂಗಳು ಮನೆಗೆ ಬಂದಾಗ ಮಳೆಗೆ ಮುಂಚೆ ನಮ್ಮ ಐನ್‌ಮನೆಯ, ಅಂದರೆ ಕುಟುಂಬದ ಮೂಲಮನೆಯ, ಹೆಂಚು ತಿರುವಿ ಹಾಕುತ್ತಿದ್ದರು. ಕೋತಿ ಒಡೆದ ಒಂದನ್ನು ಕೆಳಗಿಳಿಸಿ ಪಾಚಿ ಉಜ್ಜಿದರೆ ಅದೇ ಮುದ್ರೆ, ಅದೇ 1865! "ಹುಲ್ಲು ತೆಗೆದು ಹೆಂಚು ಹೊದಿಸಿದ್ದು ನನ್ನ ಅಪ್ಪನ ಮದುವೆ ವರ್ಷ" ಅಂದರು ಅಜ್ಜಿ. ಲೆಕ್ಕ ಹಾಕಿದರೆ ಇಪ್ಪತ್ತನೇ ಶತಮಾನ. ಆ ಇಸವಿ ಮಂಗಳೂರಿನ ಕಾರ್ಖಾನೆ ಶುರುವಾದದ್ದು, ಹೆಂಚು ಸುಟ್ಟದ್ದಲ್ಲ. ಪಕ್ಕದಲ್ಲೇ ರಿಪೇರಿಗೆ ಸೇರಿಸಿದ ಬೇರೆ ಕಂಪನಿಯ ಹೆಂಚುಗಳೂ ಇದ್ದವು. ಕೊನೇ ರಿಪೇರಿ ಯಾವಾಗ ಆಯಿತೆಂದು ತಿಳಿಯಬೇಕಾದರೆ ನೋಡಬೇಕಾದ್ದು ಅವನ್ನು.

ಹಡಗಿಗೂ ಅದೇ ಲೆಕ್ಕ. ಅಲ್ಲಿರುವುದರಲ್ಲಿ ತೀರಾ ಇತ್ತೀಚಿನದು ಯಾವುದೋ, ಅದಕ್ಕಿಂತ ಮೊದಲು ಹಡಗು ಮುಳುಗಿರಲು ಸಾಧ್ಯವಿಲ್ಲ. ಮೊದಲ ಮಹಾಯುದ್ಧದ ಗಲಾಟೆಯಲ್ಲಿ ಮಿಷನ್ನಿನ ಕಾರ್ಖಾನೆಗಳು ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಹಾಗಾಗಿ ನಮ್ಮ ಅಟ್ಟಿಯ ಹೆಂಚು ತಯಾರಾದದ್ದು 1865ಕ್ಕೂ ಆ ಯುದ್ಧಕ್ಕೂ ನಡುವೆ. ಗಾರೆಯ ಗುರುತಿಲ್ಲ, ಎಲ್ಲಕ್ಕೂ ಒಂದೇ ಮುದ್ರೆ. ಅಂದರೆ ಯಾವುದೋ ಮಾಡಿನಿಂದ ಇಳಿಸಿದ ಹಳೇ ಹೆಂಚಲ್ಲ, ಮಾರಾಟಕ್ಕೆ ಹೊರಟ ಸರಕು. ಮಂಗಳೂರಿನಿಂದ ಹೊರಟ ಹಡಗುಗಳ ಕಡೆ ಹುಡುಕಾಟ ತಿರುಗಿದ್ದು ಆಗಲೇ.

ಆಮೇಲಿನದು ಬೇಜಾರಿನ ಕೆಲಸ. ಟೇಪು ಹಿಡಿದು ಒಡಲಿನ ಉದ್ದ ಅಳೆಯುವುದು, ಬಾಯ್ಲರ್ ಉಂಟೋ ಇಲ್ಲವೋ ನೋಡುವುದು, ಹಡಗುಗಳ ವಿವರ ದಾಖಲಿಸುವ ಲಾಯ್ಡ್ಸ್ ರಿಜಿಸ್ಟರ್‌ನಲ್ಲಿರುವ ಉದ್ದ, ಟನ್ನುಗಳ ಜೊತೆ ತಾಳೆ ಹಾಕುವುದು, ಹಳೇ ಪತ್ರಿಕೆಗಳ ಹಡಗು ಸುದ್ದಿ ತಿರುವುವುದು. ಮೂರು ಹೆಸರು ಉಳಿದವು. ಎರಡನ್ನು ಬಾಯ್ಲರೇ ಹೊಡೆದುಹಾಕಿತು. ಅವು ಹಬೆ ಹಡಗು, ನಮ್ಮದರಲ್ಲಿ ಬಾಯ್ಲರ್ ಇಲ್ಲ. ಮೂರನೆಯದರ ಮುಂದೆ ಪೆನ್ಸಿಲ್‌ನಲ್ಲಿ ಪ್ರಶ್ನೆಚಿಹ್ನೆ ಹಾಕಿದ್ದೇನೆ. ಈ ಸಲ ಪೆನ್ ಮುಟ್ಟಿಲ್ಲ.