ಬಾಲ ಬಂದ ಫೈಲುಗಳು: ನಮ್ಮ ಡಿಟಿಪಿ ಅಂಗಡಿಗೆ ರ‍್ಯಾನ್ಸಮ್‌ವೇರ್ ಹೊಕ್ಕಿದ್ದು

ವಿಜಯಪುರದ ಗಾಂಧಿ ಚೌಕದ ಹತ್ತಿರ ನಂದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬ್ಯಾನರ್, ಮದುವೆ ಆಲ್ಬಮ್ ಡಿಸೈನ್ ಮಾಡುತ್ತೇನೆ. ಅಕ್ಕಪಕ್ಕದವರ ಕಂಪ್ಯೂಟರ್ ರಿಪೇರಿಗೂ ಹೋಗುತ್ತೇನೆ. ಹೋದಲ್ಲೆಲ್ಲಾ 'ಕ್ರ್ಯಾಕ್ ಸಾಫ್ಟ್‌ವೇರ್ ಹಾಕಬ್ಯಾಡ್ರಿ' ಅಂತ ಬುದ್ಧಿ ಹೇಳುವವನು ನಾನೇ. ಕ್ರ್ಯಾಕ್ ಅಂದರೆ ದುಡ್ಡಿನ ಸಾಫ್ಟ್‌ವೇರಿನ ಲಾಕ್ ಮುರಿದು ಪುಕ್ಕಟೆ ಓಡಿಸುವ ಕಳ್ಳದಾರಿ. 2022ರ ಏಪ್ರಿಲ್, ಲಗ್ನದ ಸೀಸನ್ ಜೋರಾಗಿತ್ತು, ಆಲ್ಬಮ್ ಸಾಫ್ಟ್‌ವೇರಿನ ಟ್ರಯಲ್ ಮುಗಿದಿತ್ತು, ಮರುದಿನ ಒಬ್ಬರಿಗೆ ಆಲ್ಬಮ್ ಕೊಡಬೇಕಿತ್ತು. ನಾನೇ ಕ್ರ್ಯಾಕ್ ಹಾಕಿದೆ.

ಇಳಿಸಿಕೊಂಡಿದ್ದು ಪಾಸ್‌ವರ್ಡ್ ಇರುವ ಜಿಪ್ ಫೈಲು. ಪಾಸ್‌ವರ್ಡ್ ಯಾಕೆ ಹಾಕಿರುತ್ತಾರೆ ಅಂದರೆ ಆಂಟಿವೈರಸ್‌ಗೆ ಒಳಗೆ ಏನಿದೆ ಅಂತ ನೋಡೋಕೆ ಆಗಬಾರದು ಅಂತ. ಇದು ನನಗೆ ಗೊತ್ತಿತ್ತು, ಆದರೂ ಬಿಚ್ಚಿದೆ. ಒಳಗೊಂದು ಸೂಚನೆಯ ಚೀಟಿ: ಮೊದಲು ಆಂಟಿವೈರಸ್ ಬಂದ್ ಮಾಡಿ, ಇಂಟರ್ನೆಟ್ ಕೇಬಲ್ ತೆಗೆಯಿರಿ, ಆಮೇಲೆ ಅಡ್ಮಿನಿಸ್ಟ್ರೇಟರ್ ಆಗಿ ರನ್ ಮಾಡಿ. ಶಾಲೆ ಹುಡುಗನ ಹಾಗೆ ಒಂದೊಂದಾಗಿ ಮಾಡಿದೆ. ಕಪ್ಪು ಡಬ್ಬಿಯೊಂದು ಮಿಂಚಿ ಹೋಯಿತು. ಹಿಂದೆಯೇ ವಿಂಡೋಸ್ ಅಪ್‌ಡೇಟ್ ಆಗುತ್ತಿದೆ ಅಂತ ಒಂದು ಕಿಟಕಿ ಬಂತು, ಪರ್ಸೆಂಟ್ ಏರತೊಡಗಿತು. ಕೇಬಲ್ ತೆಗೆದಿರುವಾಗ ಅಪ್‌ಡೇಟ್ ಎಲ್ಲಿಂದ ಬಂತು ಅಂತ ಆಗ ತಲೆಗೆ ಹೊಳೆಯಲೇ ಇಲ್ಲ ನೋಡಿ. ಚಹಾ ಕುಡಿಯೋಕೆ ಹೋದೆ.

ವಾಪಸ್ ಬಂದಾಗ ಅಂಗಡಿ ಹುಡುಗ ಮಾನಿಟರ್ ಮುಂದೆ ನಿಂತಿದ್ದ. "ಅಣ್ಣಾರ, ಎಲ್ಲಾ ಫೈಲಿಗೂ ಹಿಂದ ಏನೋ ಬಾಲ ಬಂದೈತ್ರಿ." ನೋಡಿದರೆ ಹೌದು. ಪತ್ರಿಕೆ, ಫೋಟೋ, ಟ್ಯಾಲಿಯಲ್ಲಿದ್ದ ಲೆಕ್ಕಪತ್ರ, ಎಲ್ಲದರ ಹೆಸರಿನ ಕೊನೆಗೆ ಚುಕ್ಕೆ, ಆಮೇಲೆ ನಾಲ್ಕು ಇಂಗ್ಲಿಷ್ ಅಕ್ಷರ. ಫೋಲ್ಡರಿಗೊಂದು 'ರೀಡ್‌ಮಿ' ಚೀಟಿ ಬೇರೆ. ಅದರಲ್ಲಿ 980 ಡಾಲರ್ ಕೊಡಿ, 72 ಗಂಟೆಯೊಳಗೆ ಬಂದರೆ ಅರ್ಧ ಬೆಲೆ, 490 ಡಾಲರ್ ಅಂತ ಇತ್ತು. ನಮ್ಮ ಲೆಕ್ಕದಲ್ಲಿ ಸುಮಾರು 37 ಸಾವಿರ ರೂಪಾಯಿ. ಹೀಗೆ ಫೈಲಿಗೆ ಬೀಗ ಜಡಿದು, ಬಿಚ್ಚೋಕೆ ದುಡ್ಡು ಕೇಳುವ ವೈರಸ್ಸಿಗೇ ರ‍್ಯಾನ್ಸಮ್‌ವೇರ್ ಅನ್ನೋದು. ಸೀರೆ ಅಂಗಡಿಯವರಂತೆ ಡಿಸ್ಕೌಂಟ್ ಕೊಡುವ ಕಳ್ಳರು!

ನಾನು ಮೊದಲು ಮಾಡಿದ ಕೆಲಸ ಪವರ್ ಬಟನ್ ಒತ್ತಿ ಹಿಡಿದಿದ್ದು. ಎರಡನೆಯದು, ಹಿಂದೆ ಸಿಕ್ಕಿಸಿದ್ದ ಬ್ಯಾಕಪ್ ಹಾರ್ಡ್ ಡಿಸ್ಕ್ ಕಿತ್ತಿದ್ದು. ತಡವಾಗಿತ್ತು. ಅದು ವರ್ಷವಿಡೀ ಅಲ್ಲೇ ಸಿಕ್ಕಿಕೊಂಡಿರುತ್ತಿತ್ತು, ಅದಕ್ಕೂ ಬಾಲ ಬಂದಿತ್ತು. ಪೆನ್‌ಡ್ರೈವಿಗೂ.

ಚೀಟಿ ಮತ್ತು ಒಂದು ಹಾಳಾದ ಫೈಲನ್ನು ಬೇರೆ ಕಂಪ್ಯೂಟರಿನಿಂದ ಐಡಿ ರ‍್ಯಾನ್ಸಮ್‌ವೇರ್ ಅನ್ನೋ, ಯಾವ ವೈರಸ್ ಅಂತ ಗುರುತಿಸುವ ತಾಣಕ್ಕೆ ಹಾಕಿದೆ. ಸ್ಟಾಪ್ ಅಥವಾ ಡಿಜೆವಿಯು ಅನ್ನುವ ಕುಟುಂಬದ್ದು ಅಂತ ಬಂತು. ಹೆಚ್ಚಾಗಿ ಕ್ರ್ಯಾಕ್, ಕೀಜೆನ್ (ಸಾಫ್ಟ್‌ವೇರಿಗೆ ಕಳ್ಳ ಕೀಲಿ ಹುಟ್ಟಿಸುವ ಪ್ರೋಗ್ರಾಮ್) ಮೂಲಕ ಹರಡುವ ಜಾತಿ ಇದು, ಅಂದರೆ ನನ್ನಂಥವರಿಗೇ ಇಟ್ಟ ಬೋನು. ಎಲ್ಲ ರ‍್ಯಾನ್ಸಮ್‌ವೇರೂ ಹೀಗೇ ಬರುತ್ತೆ ಅಂತಲ್ಲ. 2017ರ ಮೇನಲ್ಲಿ ಹರಡಿದ ವಾನ್ನಾಕ್ರೈಗೆ ಯಾರೂ ಏನೂ ಕ್ಲಿಕ್ ಮಾಡಬೇಕಿರಲಿಲ್ಲ. ವಿಂಡೋಸ್‌ನ ಒಂದು ತೂತಿನಿಂದ ತಾನೇ ನೆಟ್‌ವರ್ಕ್ ಹಿಡಿದು ಹರಿದಾಡಿತ್ತು, ಆ ತೂತಿಗೆ ಮಾರ್ಚ್‌ನಲ್ಲೇ ಅಪ್‌ಡೇಟ್ ಬಂದಿದ್ದರೂ ಎಷ್ಟೋ ಜನ ಹಾಕಿರಲಿಲ್ಲ. ಇನ್ನು ಕೆಲವು ಬಿಲ್ ಅಂತ ಬರುವ ಇಮೇಲ್ ಅಟ್ಯಾಚ್‌ಮೆಂಟಲ್ಲಿ, ಕೆಲವು ಸುಲಭದ ಪಾಸ್‌ವರ್ಡ್ ಇಟ್ಟು ತೆರೆದಿಟ್ಟ ರಿಮೋಟ್ ಡೆಸ್ಕ್‌ಟಾಪ್‌ನಿಂದ, ಅಂದರೆ ದೂರದಿಂದಲೇ ಕಂಪ್ಯೂಟರ್ ನಡೆಸುವ ಸೌಲಭ್ಯದಿಂದ ಬರುತ್ತವೆ.

ವೈರಸ್ ತೆಗೆಯೋದು ಅಷ್ಟು ಕಷ್ಟ ಆಗಲಿಲ್ಲ, ಅರ್ಧ ದಿನದ ಕೆಲಸ. ಆದರೆ ಅದಕ್ಕೂ ಮೊದಲು ಹಾಳಾದ ಫೈಲುಗಳನ್ನೆಲ್ಲ ಚೀಟಿ ಸಮೇತ ಹೊಸ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿಟ್ಟೆ. ಇದನ್ನು ಬಿಟ್ಟು ಸೀದಾ ಫಾರ್ಮ್ಯಾಟ್ ಹೊಡೆಯುವವರು ಜಾಸ್ತಿ. ಆಮೇಲೆ ವಿಂಡೋಸನ್ನು ಸೇಫ್ ಮೋಡ್‌ನಲ್ಲಿ, ಅಂದರೆ ಬೇಕಾದಷ್ಟೇ ಪ್ರೋಗ್ರಾಮ್ ಏಳುವ ಹಾಗೆ ತೆರೆದು, ವೈರಸ್ ತೆಗೆಯುವ ಮಾಲ್‌ವೇರ್‌ಬೈಟ್ಸ್ ಓಡಿಸಿದೆ. ಹೊತ್ತಿಗೆ ಸರಿಯಾಗಿ ಪ್ರೋಗ್ರಾಮ್ ಎಬ್ಬಿಸುವ ಟಾಸ್ಕ್ ಶೆಡ್ಯೂಲರ್‌ನಲ್ಲಿ 'ಟೈಮ್ ಟ್ರಿಗರ್ ಟಾಸ್ಕ್' ಅಂತ ಒಂದು ಕೂತಿತ್ತು. ಅದು ಇದ್ದರೆ ವೈರಸ್ ಮತ್ತೆ ಮತ್ತೆ ಏಳುತ್ತೆ, ಆಮೇಲೆ ಇಟ್ಟ ಹೊಸ ಫೈಲಿಗೂ ಬಾಲ ಬರುತ್ತೆ. ಯಾವ ತಾಣ ಎಲ್ಲಿ ತೆರೆಯಬೇಕು ಅಂತ ವಿಂಡೋಸ್ ನೋಡಿಕೊಳ್ಳುವ ಹೋಸ್ಟ್ಸ್ ಫೈಲ್ ತೆರೆದರೆ ಆಂಟಿವೈರಸ್ ಕಂಪನಿಗಳ ವಿಳಾಸ ಉದ್ದಕ್ಕೆ ಬರೆದಿಟ್ಟಿತ್ತು, ಆ ತಾಣಗಳು ತೆರೆಯದಂತೆ. ಅಳಿಸಿದೆ. ವಿಂಡೋಸ್ ತಾನೇ ಇಟ್ಟುಕೊಳ್ಳುವ ಹಳೇ ಪ್ರತಿ, ಅದೇ ಶ್ಯಾಡೋ ಕಾಪಿ, ಅದೂ ಖಾಲಿ. ಕೊನೆಗೆ ಮನಸ್ಸು ಒಪ್ಪದೆ ಫಾರ್ಮ್ಯಾಟೇ ಮಾಡಿದೆ. ಈ ಜಾತಿಯ ಜೊತೆ ಪಾಸ್‌ವರ್ಡ್ ಕದಿಯುವ ಇನ್ನೊಂದು ವೈರಸ್ ಬರೋದುಂಟು, ಹಾಗಾಗಿ ಜಿಮೇಲ್, ಬ್ಯಾಂಕ್ ಪಾಸ್‌ವರ್ಡ್ ಎಲ್ಲ ಫೋನಿನಿಂದ ಬದಲಿಸಿದೆ.

ಕಂಪ್ಯೂಟರ್ ಚೊಕ್ಕಟ ಆಯಿತು. ಫೈಲುಗಳು? ಹಾಗೇ ಬೀಗ ಹಾಕಿಕೊಂಡು ಕೂತಿದ್ದವು. ಕಳ್ಳನನ್ನು ಮನೆಯಿಂದ ಓಡಿಸಿದರೂ ಅವನು ಹಾಕಿದ ಬೀಗ ತಾನಾಗೇ ಬಿಚ್ಚಲ್ಲ ಅಲ್ವಾ. ಬಾಲ ಕತ್ತರಿಸಿ ಹೆಸರು ಬದಲಿಸಿದರೂ ಫೈಲ್ ತೆರೆಯಲ್ಲ.

ಆದರೆ ಈ ಡಿಜೆವಿಯು ಅವಸರದ ಪ್ರಾಣಿ. ದೊಡ್ಡ ಫೈಲಿನ ಮೊದಲ 150 ಕೆಬಿಯಷ್ಟನ್ನು ಮಾತ್ರ ಕೆಡಿಸುತ್ತೆ. ಇದು ಗೊತ್ತಾದ ಮೇಲೆ ಸ್ವಲ್ಪ ಜೀವ ಬಂತು. ಹಳೇ ಆಲ್ಬಮ್‌ಗಳ ಜಿಪ್ ಇದ್ದವು, ಬಾಲ ತೆಗೆದು 7-ಜಿಪ್‌ನಲ್ಲಿ ತೆರೆದರೆ ಮೊದಲ ಫೋಟೋ ಹೋಗಿತ್ತು, ಉಳಿದವು ಹೊರಗೆ ಬಂದವು. ಮದುವೆ ವಿಡಿಯೋಗಳಿಗೆ ಮೀಡಿಯಾ ರಿಪೇರ್ ಅನ್ನೋ ಪುಕ್ಕಟೆ ಟೂಲು ಸಿಕ್ಕಿತು. ಅದೇ ಕ್ಯಾಮೆರಾದ ಒಂದು ಒಳ್ಳೇ ವಿಡಿಯೋ ಮಾದರಿಗೆ ಕೊಡಬೇಕು. ಫೋಟೋಗ್ರಾಫರ್ ಹತ್ತಿರ ಹೋಗಿ, ಸುಮ್ನೆ ಅಂಗಡಿ ಗೋಡೆಯನ್ನೇ ಹತ್ತು ಸೆಕೆಂಡ್ ಶೂಟ್ ಮಾಡಿಸಿಕೊಂಡು ಬಂದೆ. ಸುಮಾರು ವಿಡಿಯೋ ಎದ್ದವು.

ಲಗ್ನಪತ್ರಿಕೆಗಳದ್ದೇ ಸಂಕಟ. ಅವು ಸಣ್ಣ ಫೈಲು, ಪೂರ್ತಿ ಹೋಗಿದ್ದವು. ಗಿರಾಕಿಗಳಿಗೆ ಫೋನ್ ಹಚ್ಚಿ "ಕಾಕಾರ, ನಿಮಗ ವಾಟ್ಸ್ಯಾಪ್‌ನ್ಯಾಗ ಕಳಿಸಿದ ಪ್ರೂಫ್ ಐತೇನ್ರಿ?" ಅಂತ ಕೇಳಿ, ಅದನ್ನೇ ನೋಡಿಕೊಂಡು 'ನುಡಿ' ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಮತ್ತೆ ಕುಟ್ಟಿದೆವು. ಎರಡು ರಾತ್ರಿ ಹುಡುಗನೂ ನಾನೂ ಅಂಗಡಿಯಲ್ಲೇ.

ಉಳಿದಿದ್ದಕ್ಕೆ ಎಂಸಿಸಾಫ್ಟ್ ಅನ್ನೋ ಆಂಟಿವೈರಸ್ ಕಂಪನಿಯವರ ಡಿಕ್ರಿಪ್ಟರ್, ಅಂದರೆ ಬೀಗ ಬಿಚ್ಚುವ ಟೂಲು ಓಡಿಸಿದೆ, ಅದೂ ಪುಕ್ಕಟೆ. ಇಲ್ಲೊಂದು ಮಜಾ ಇದೆ. ಈ ವೈರಸ್ಸಿಗೆ ತನ್ನ ಸರ್ವರ್ ಸಿಕ್ಕರೆ ಪ್ರತಿಯೊಬ್ಬರಿಗೂ ಬೇರೆ ಕೀಲಿ ತರುತ್ತೆ, ಆಗ ಕಥೆ ಮುಗೀತು. ಸಿಗದಿದ್ದರೆ ತನ್ನೊಳಗೇ ಇರುವ ಒಂದೇ ಕೀಲಿಯನ್ನು ಎಲ್ಲರಿಗೂ ಹಾಕುತ್ತೆ. ಯಾರೋ ಒಬ್ಬರ ಮೂಲಕ ಆ ಕೀಲಿ ಹೊರಗೆ ಬಂದರೆ ಎಲ್ಲರದ್ದೂ ಬಿಚ್ಚಬಹುದು. ಚೀಟಿಯಲ್ಲಿರುವ ಐಡಿ 'ಟಿ1' ಅಂತ ಮುಗಿದಿದ್ದರೆ ಇದು ಆ ಥರದ್ದು ಅಂತ ಗುರುತು. ನಂದು ಟಿ1. ಕಳ್ಳನ ಸೂಚನೆ ಕೇಳಿ ಕೇಬಲ್ ಕಿತ್ತಿದ್ದೆನಲ್ಲ, ಅದೇ ಕಾಪಾಡಿತು! ಆದರೆ ನನ್ನ ಬಾಲಕ್ಕೆ ಕೀಲಿ ಇನ್ನೂ ಸಿಕ್ಕಿಲ್ಲ, ಮುಂದೆ ಸಿಗಬಹುದು ಅಂತ ಟೂಲು ಹೇಳಿತು. ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟೆ. ದುಡ್ಡು ಕೊಡಲಿಲ್ಲ.

ದೀಪಾವಳಿಗೆ ಅಂಗಡಿ ಪೂಜೆ ಅಂತ ಕಪಾಟು ಜಾಡಿಸುವಾಗ ಆ ಡಿಸ್ಕ್ ಕೈಗೆ ಸಿಕ್ಕಿತು. ಮಧ್ಯೆ ಎರಡು ಸಲ ನೋಡಿ ಕೈಬಿಟ್ಟಿದ್ದೆ. ಪೂಜೆ ಮುಗಿದ ಮೇಲೆ ಹೊಸ ಡಿಕ್ರಿಪ್ಟರ್ ಇಳಿಸಿ ಒಂದು ಫೋಲ್ಡರ್ ತೋರಿಸಿದೆ, ನೆಟ್ ಹಚ್ಚಿಯೇ ಓಡಿಸಬೇಕು ಅದನ್ನು. ಈ ಸಲ ಒಂದೊಂದೇ ಫೈಲು ಬಿಚ್ಚತೊಡಗಿತು. ಖುಷಿಗೆ ಇಡೀ ಡಿಸ್ಕ್ ಕೊಟ್ಟು ಊಟಕ್ಕೆ ಹೋದೆ. ಬಿಚ್ಚಿದ ಫೈಲಿನ ಜೊತೆ ಬೀಗದ ಫೈಲನ್ನೂ ಅದು ಹಾಗೇ ಉಳಿಸಿಕೊಳ್ಳುತ್ತೆ ಅನ್ನೋದು ಮರೆತಿತ್ತು. ವಾಪಸ್ ಬಂದರೆ ಡಿಸ್ಕ್ ಫುಲ್, ಅರ್ಧ ಕೆಲಸಕ್ಕೆ ನಿಂತಿದೆ. ಹಬ್ಬದ ದಿನ ಹಾರ್ಡ್ ಡಿಸ್ಕ್ ಎಲ್ಲಿ ಸಿಗಬೇಕು, ಮನೆಗೆ ಹೋಗಿ ಮಗಳ ಲ್ಯಾಪ್‌ಟಾಪ್ ತಂದೆ.